ಆಲ್ಕೆಮಿಸ್ಟ್ ಓದಿ ಮುಗಿಸಿದೆ, ನನಗೇನೂ ಆಗಲಿಲ್ಲ. ನಿಮಗೆ ಏನಾಯಿತು?

ಬಿಸಿಲೂರು

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಾನು ಹೋಗುವ ಸ್ಟಡಿ ರೂಮಿನಲ್ಲಿ ಅರ್ಧಕ್ಕರ್ಧ ಟೇಬಲ್ ಮೇಲೆ ಸಂವಿಧಾನದ ಗೈಡ್ ಪಕ್ಕ ಒಂದು 'ಆಲ್ಕೆಮಿಸ್ಟ್' ಇದ್ದೇ ಇರುತ್ತದೆ. ಪಾಲೊ ಕೊಯೆಲ್ಹೊ ಬರೆದದ್ದು. ಜಾಸ್ತಿ ಜನರ ಹತ್ತಿರ ಇರುವುದು ಕಡಿಮೆ ರೇಟಿನ ಪೈರಸಿ ಕಾಪಿ. ಒಂದೆರಡು ಪುಟ ಹಿಂದೆಮುಂದೆ ಆಗಿರುತ್ತವೆ, ಯಾರಿಗೂ ಅದರ ಬೇಸರ ಇಲ್ಲ. ಪರೀಕ್ಷೆ ಹೋದರೆ ಅದನ್ನು ಓದು ಅನ್ನುತ್ತಾರೆ. ಲವ್ ಮುರಿದರೂ ಅದನ್ನೇ ಓದು ಅನ್ನುತ್ತಾರೆ. ನಮ್ಮ ಚಿಕ್ಕಪ್ಪನ ಮಗ ನನ್ನ ಹುಟ್ಟುಹಬ್ಬಕ್ಕೆ ಅದನ್ನೇ ಕೊಟ್ಟ. "ಅಕ್ಕಾ, ಇದು ನಿನ್ನ ಲೈಫ್ ಚೇಂಜ್ ಮಾಡುತ್ತೆ" ಅಂತ ಮೊದಲ ಪುಟದಲ್ಲಿ ಬರೆದೂ ಕೊಟ್ಟ.

ಓದಿದೆ. ಇಂಗ್ಲಿಷ್ ಸುಲಭ ಇದೆ, ಚಿಕ್ಕ ಪುಸ್ತಕ, ಬೇಗ ಮುಗಿಯಿತು. ಆದರೆ ನನಗೆ ಏನೂ ಆಗಲಿಲ್ಲ.

ಓದದೇ ಇರುವವರಿಗೆ ಕಥೆ ಹೇಳಿಬಿಡುತ್ತೇನೆ (ಕೊನೆ ಗೊತ್ತಾಗಬಾರದು ಅನ್ನುವವರು ಮುಂದಿನ ಪ್ಯಾರಾ ಬಿಟ್ಟು ಓದಿ).

ಸ್ಪೇನ್‌ನ ಆಂಡಲೂಸಿಯಾದಲ್ಲಿ ಸ್ಯಾಂಟಿಯಾಗೊ ಅಂತ ಒಬ್ಬ ಕುರಿ ಕಾಯುವ ಹುಡುಗ. ಈಜಿಪ್ಟಿನ ಪಿರಮಿಡ್ ಹತ್ತಿರ ನಿಧಿ ಇದೆ ಅಂತ ಅವನಿಗೆ ಒಂದೇ ಕನಸು ಎರಡು ಸಲ ಬೀಳುತ್ತದೆ. ಒಬ್ಬ ಮುದುಕ ರಾಜ ಸಿಕ್ಕು, ನೀನು ಹುಟ್ಟಿದ್ದೇ ಇದಕ್ಕೆ, ಹೋಗು ಅನ್ನುತ್ತಾನೆ. ಹುಡುಗ ಕುರಿ ಮಾರಿ ಸಮುದ್ರ ದಾಟಿ ಟ್ಯಾಂಜಿಯರ್ ಊರಿಗೆ ಹೋಗುತ್ತಾನೆ. ಮೊದಲ ದಿನವೇ ಒಬ್ಬ ಅವನ ದುಡ್ಡೆಲ್ಲ ಹೊಡೆದುಕೊಂಡು ಹೋಗುತ್ತಾನೆ. ಗಾಜಿನ ಸಾಮಾನಿನ ಅಂಗಡಿಯೊಂದರಲ್ಲಿ ಹೆಚ್ಚುಕಡಿಮೆ ಒಂದು ವರ್ಷ ದುಡಿದು, ಆಮೇಲೆ ಒಂಟೆಗಳ ಜೊತೆ ಮರುಭೂಮಿ ದಾಟಿ, ನಡುವೆ ಫಾತಿಮಾ ಅನ್ನುವ ಹುಡುಗಿಯನ್ನು ಪ್ರೀತಿಸಿ, ಒಬ್ಬ ರಸವಾದಿಯ (ಬೇರೆ ಲೋಹವನ್ನು ಚಿನ್ನ ಮಾಡುವವನು, ಪುಸ್ತಕದ ಹೆಸರಿನ ಆಲ್ಕೆಮಿಸ್ಟ್ ಅವನೇ) ಜೊತೆ ಹೊರಟು ಕೊನೆಗೆ ಪಿರಮಿಡ್ ಮುಟ್ಟುತ್ತಾನೆ. ಅಲ್ಲಿ ಅಗೆದರೆ ಏನೂ ಇಲ್ಲ. ಅವನನ್ನು ಹೊಡೆದು ಬಡಿದ ಕಳ್ಳರಲ್ಲಿ ಒಬ್ಬ, ನನಗೂ ಹಿಂಗೇ ಒಂದು ಕನಸು ಬೀಳುತ್ತಿತ್ತು, ಸ್ಪೇನ್‌ನ ಪಾಳುಬಿದ್ದ ಚರ್ಚಿನ ಮರದ ಬುಡದಲ್ಲಿ ನಿಧಿ ಇದೆ ಅಂತ, ನಾನೇನು ನಿನ್ನಷ್ಟು ದಡ್ಡನಲ್ಲ ಅನ್ನುತ್ತಾನೆ. ಅದು ಕಥೆಯ ಶುರುವಿನಲ್ಲಿ ಹುಡುಗ ಕುರಿಗಳ ಜೊತೆ ಮಲಗಿದ್ದ ಜಾಗವೇ. ವಾಪಸ್ ಬಂದು ಅಗೆಯುತ್ತಾನೆ, ಚಿನ್ನದ ನಾಣ್ಯದ ಪೆಟ್ಟಿಗೆ ಸಿಗುತ್ತದೆ. ಮುಗಿಯಿತು.

ಮನಸ್ಸಿಟ್ಟು ಬಯಸಿದರೆ ಇಡೀ ಜಗತ್ತೇ ಸಹಾಯಕ್ಕೆ ನಿಲ್ಲುತ್ತದೆ ಅನ್ನುವುದು ಪುಸ್ತಕದ ತಿರುಳು. ನಮ್ಮ ಸ್ಟಡಿ ರೂಮಿನ ಗೋಡೆಗೂ ಅದನ್ನು ಅಂಟಿಸಿದ್ದಾರೆ. ಅದರ ಕೆಳಗೆ ಕೂತು ಓದಿ ಬರಿಗೈಯಲ್ಲಿ ಊರಿಗೆ ಹೋದವರೂ ಮನಸ್ಸಿಟ್ಟು ಬಯಸಿದವರೇ ಅಲ್ವಾ? 2024ರಲ್ಲಿ ಕೆಎಎಸ್‌ಗೆ ಕರೆದದ್ದು 384 ಹುದ್ದೆ. ಅರ್ಜಿ ಹಾಕಿದವರು ಲಕ್ಷ ಲಕ್ಷ. ಪಾಪ, ಜಗತ್ತು ಯಾರ ಕಡೆ ನಿಲ್ಲಬೇಕು?

ಇಡೀ ಪುಸ್ತಕದಲ್ಲಿ ನನಗೆ ನಿಜವಾದ ಮನುಷ್ಯ ಅನ್ನಿಸಿದ್ದು ಆ ಗಾಜಿನ ಅಂಗಡಿಯ ಸಾಹುಕಾರ ಒಬ್ಬನೇ. ಮೆಕ್ಕಾಗೆ ಹೋಗಬೇಕು ಅನ್ನುವುದು ಅವನ ಆಸೆ, ಆದರೆ ಹೋಗುವುದಿಲ್ಲ. ಹೋಗಿ ಬಂದ ಮೇಲೆ ಬದುಕಲು ಇನ್ನೇನು ಉಳಿಯುತ್ತದೆ ಅಂತ ಹೆದರುತ್ತಾನೆ. ಅಂಥವರನ್ನು ನಾನು ನೋಡಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಈ ಪುಸ್ತಕ ನಿಮಗೆ ನಿಜವಾಗಿ ಏನಾದರೂ ಮಾಡಿತಾ? ಮಾಡಿದ್ದರೆ ಯಾವಾಗ ಓದಿದ್ದಿರಿ? ಸುಮ್ನೆ 'ಸೂಪರ್ ಬುಕ್' ಅಂತ ಹಾಕಬೇಡಿ, ಏನಾಯಿತು ಹೇಳಿ.

ಗುರಿ_ಪಿಎಸ್‌ಐ

ಸೂಪರ್ ಬುಕ್ ಅಕ್ಕಾ 🙏

ಲೋಡಿಂಗ್_ಬಾಬು

ನಾನು ಹೇಳುತ್ತೇನೆ ತಂಗಿ. ಓದಿದ್ದು 2011ರಲ್ಲಿ. ಆ ವರ್ಷ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾನು ಸಂಡೂರು ಕಡೆ ಒಂದು ವೇ ಬ್ರಿಡ್ಜ್‌ನಲ್ಲಿ ಲಾರಿ ತೂಕ ಬರೆದುಕೊಳ್ಳುತ್ತಿದ್ದ ಹುಡುಗ. ಬೆಟ್ಟ ತಿಂದವರು ಬೇರೆ, ಕೆಲಸ ಕಳೆದುಕೊಂಡವರು ಬೇರೆ. ಲಾರಿ ಸಾಲ ಮಾಡಿದವರು, ಟೈರ್ ಪಂಕ್ಚರ್ ಹಾಕುವವರು, ರೋಡಿನ ಪಕ್ಕ ಚಿತ್ರಾನ್ನ ಮಾರುವವರು, ಎಲ್ಲರೂ ಮನೆಯಲ್ಲಿ ಕೂತರು. ನಾನೂ ಕೂತೆ. ಬೆಳಗ್ಗೆ ಎದ್ದು ಅಂಗಿ ಹಾಕಿಕೊಂಡು ಎಲ್ಲಿಗೂ ಹೋಗದೆ ಕೂರುವುದು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಆಗ ಗೆಳೆಯನೊಬ್ಬ ಈ ಪುಸ್ತಕ ಕೊಟ್ಟ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನಿಧಾನ ಓದಿದೆ. ನಿಮಗೆಲ್ಲ ನೆನಪಿರುವುದು ನಿಧಿ, ಪಿರಮಿಡ್. ನನಗೆ ನೆನಪಿರುವುದು ಹುಡುಗ ದುಡ್ಡು ಕಳೆದುಕೊಂಡು ಆ ಊರಿನ ಮಾರ್ಕೆಟ್ಟಿನಲ್ಲಿ ನಿಂತಿರುವುದು. ಭಾಷೆ ಬರುವುದಿಲ್ಲ, ವಾಪಸ್ ಹೋಗಲು ಕಾಸಿಲ್ಲ. ಅಲ್ಲಿ ಅವನು ಒಂದು ಯೋಚನೆ ಮಾಡುತ್ತಾನೆ. ನಾನು ಮೋಸಹೋದವನು ಅಂದುಕೊಂಡು ಅಳಬೇಕೋ, ನಿಧಿಗೆ ಹೊರಟವನು ಅಂದುಕೊಂಡು ಮುಂದೆ ನಡೆಯಬೇಕೋ ಅಂತ. ಆಮೇಲೆ ಅಂಗಡಿಗೆ ಹೋಗಿ, ಊಟ ಕೊಟ್ಟರೆ ಗಾಜು ಒರೆಸುತ್ತೇನೆ ಅನ್ನುತ್ತಾನೆ. ನನಗೆ ನಾಟಿದ್ದು ಅಷ್ಟೇ. ಒರೆಸುವ ಕೆಲಸ. ಅದಾದ ಮೇಲೆ ಗಾಜಿನ ಲೋಟದಲ್ಲಿ ಟೀ ಮಾರೋಣ ಅಂತ ಸಾಹುಕಾರನಿಗೆ ಐಡಿಯಾ ಕೊಡುತ್ತಾನಲ್ಲ, ಅದು ಅಪ್ಪಟ ವ್ಯಾಪಾರಿ ತಲೆ. ಅಲ್ಲಿ ಯಾವ ಮಾಯಮಂತ್ರವೂ ಇಲ್ಲ.

ನಾನು ಬಳ್ಳಾರಿಗೆ ಬಂದು ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯಲು ಸೇರಿದೆ. ಮೊದಲಿನ ಸಂಬಳದ ಅರ್ಧ. ಅಲ್ಲಿ ಕೂತು ಯಾವ ಸಾಮಾನು ಎಲ್ಲಿಂದ ಬರುತ್ತದೆ ಅಂತ ನೋಡಿಕೊಂಡೆ. ಈಗ ಯೂನಿಟ್‌ಗಳಿಗೆ ಜಿಪ್ಪು, ಗುಂಡಿ, ರಿವೆಟ್ ಸಪ್ಲೈ ಮಾಡುತ್ತೇನೆ. ಜಗತ್ತು ಸಹಾಯಕ್ಕೆ ಬಂತಾ ಅಂದರೆ ಇಲ್ಲ, ನಮ್ಮ ಭಾವ ಬಂದರು. ಸಾಲ ಕೊಟ್ಟರು, ಬಡ್ಡಿ ಕೇಳಲಿಲ್ಲ.

ಪುಸ್ತಕದ ಎರಡನೇ ಅರ್ಧ, ಆ ಹುಡುಗ ಗಾಳಿ ಆಗುವುದು, ಸೂರ್ಯನ ಜೊತೆ ಮಾತಾಡುವುದು, ಅದೆಲ್ಲ ನನಗೂ ತಲೆಗೆ ಹೋಗಲಿಲ್ಲ.

ಕೆಂಗುರಿ

ಕುಷ್ಟಗಿ ತಾಲ್ಲೂಕಿನವನು ನಾನು. ಅಪ್ಪ, ದೊಡ್ಡಪ್ಪ ಕುರಿಗಾರರು. ಪಿಯುಸಿ ತನಕ ರಜೆ ಬಂತು ಅಂದರೆ ನಾನೂ ಕುರಿ ಹಿಂದೆಯೇ. ಅದಕ್ಕೇ ಈ ಪುಸ್ತಕ ನನಗೆ ಮೊದಲ ಪುಟದಿಂದಲೇ ಜಗಳ. ಬರೆದವರು ಒಂದು ದಿನವಾದರೂ ಕುರಿ ಕಾಯ್ದಿದ್ದರಾ ಅಂತ.

ಹುಡುಗನ ಹತ್ತಿರ 60 ಕುರಿ. ಮುದುಕ ರಾಜ, ಹಿಂಡಿನಲ್ಲಿ ಹತ್ತನೇ ಒಂದು ಪಾಲು ಕೊಡು, ನಿಧಿ ಹೇಗೆ ಸಿಗುತ್ತದೆ ಹೇಳುತ್ತೇನೆ ಅನ್ನುತ್ತಾನೆ. ಇವನು 6 ಕುರಿ ಹೊಡೆದುಕೊಂಡು ಹೋಗಿ ಕೊಟ್ಟುಬಿಡುತ್ತಾನೆ. ಉಳಿದವನ್ನು ಗೆಳೆಯನಿಗೆ ಮಾರುತ್ತಾನೆ, ಅವನೂ ತಕ್ಷಣ ಕೊಂಡುಕೊಳ್ಳುತ್ತಾನೆ. ನಮ್ಮ ಕಡೆ ಒಂದು ಟಗರು ಮಾರಬೇಕೆಂದರೂ ಸಂತೆಗೆ ಹೋಗಿ, ದಲ್ಲಾಳಿ ಬಂದು, ಬೆನ್ನು ಹಿಡಿದು ನೋಡಿ, ಹಲ್ಲು ನೋಡಿ, ರೇಟು ಇಳಿಸಿ, ನಾವು ಸಿಟ್ಟಾಗಿ ಹಗ್ಗ ಕಿತ್ತುಕೊಂಡು ಹೊರಟು, ಅವನು ಮತ್ತೆ ಕೂಗಿ ಕರೆದು, ಹೊತ್ತು ಮುಳುಗುತ್ತದೆ. ಅದರಲ್ಲೂ ಅವು ಅವನೊಬ್ಬನವೇ ಕುರಿ. ನಮ್ಮಲ್ಲಿ ಒಂದು ಹಿಂಡಿನಲ್ಲಿ ಎಷ್ಟು ಮನೆಯವರ ಕುರಿ ಇರುತ್ತವೆ! ಅಣ್ಣತಮ್ಮಂದಿರದು, ಮದುವೆ ಆಗಿ ಹೋದ ಅಕ್ಕನದು. ಕನಸು ಬಿತ್ತು ಅಂತ ಮಾರಿದರೆ ಪಂಚಾಯಿತಿ ಸೇರಿಸುತ್ತಾರೆ.

ಇನ್ನು ಉಣ್ಣೆ. ಹುಡುಗ ಹಿಂದಿನ ವರ್ಷ ಉಣ್ಣೆ ಮಾರಲು ಒಬ್ಬ ಸಾಹುಕಾರನ ಅಂಗಡಿಗೆ ಹೋಗಿದ್ದ, ಅವನ ಮಗಳ ಜೊತೆ ಕೂತು ಮಾತಾಡಿದ್ದ. ಸ್ಪೇನ್‌ನಲ್ಲಿ ಅದು ಸರಿ ಇರಬಹುದು. ನಮ್ಮ ಕೆಂಗುರಿಗೆ ಉಣ್ಣೆಯೇ ಇಲ್ಲ, ಮಾಂಸದ ತಳಿ ಅದು. ಬಳ್ಳಾರಿ ತಳಿ, ದಖನಿ ತಳಿಗೆ ಉಣ್ಣೆ ಇದೆ, ಒರಟು, ಕಂಬಳಿಗೆ ಆಗುತ್ತದೆ. ಆದರೆ ಈಗ ಕಂಬಳಿ ಕೊಳ್ಳುವವರು ಎಷ್ಟು ಜನ? ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಕತ್ತರಿಸಿ ಅಲ್ಲೇ ಬಿಟ್ಟು ಬರುವುದನ್ನು ನೋಡಿದ್ದೇನೆ. ನಮಗೆ ದುಡ್ಡು ಬರುವುದು ಮರಿ ಮಾರಿ. ಮತ್ತೆ ಗೊಬ್ಬರಕ್ಕೆ ರೈತರ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿದರೆ ಅವರು ಕೊಡುವ ದುಡ್ಡು, ಜೋಳ.

ಭತ್ತ ಕೊಯ್ದ ಮೇಲೆ ಗಂಗಾವತಿ, ಸಿಂಧನೂರು ಕಡೆ ಕಾಲುವೆ ಹೊಲಗಳಿಗೆ ಹೋಗುತ್ತೇವೆ. ರಾತ್ರಿ ಸುತ್ತ ಬಲೆ ಕಟ್ಟಿ, ನಾಯಿ ಬಿಟ್ಟು, ಟಾರ್ಚ್ ಹಿಡಿದು ಮಲಗುವುದು. ತೋಳ ಬರುತ್ತದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಗ ತೋಳಗಳಿಗೇ ಒಂದು ಧಾಮ ಮಾಡಿದ್ದಾರೆ, ಅಷ್ಟು ತೋಳ ನಮ್ಮ ಕಡೆ. ಮಳೆಗಾಲ ಮುಗಿಯುವ ಹೊತ್ತಿಗೆ ನೀಲಿ ನಾಲಿಗೆ ರೋಗ ಬಂದರೆ ಮುಗಿಯಿತು. ಪುಸ್ತಕದ ಹುಡುಗ ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡು, ಇನ್ನೂ ದಪ್ಪ ಪುಸ್ತಕ ಇದ್ದರೆ ದಿಂಬಿಗೆ ಚೆನ್ನಾಗಿರುತ್ತದೆ ಅಂತ ಯೋಚಿಸುತ್ತಾ ಮಲಗುತ್ತಾನೆ! ಪುಣ್ಯವಂತ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅವನು ಬಡಪಾಯಿ ಕುರಿಗಾಹಿ ಅಲ್ಲವೇ ಅಲ್ಲ. ಪಾದ್ರಿ ಆಗಲಿ ಅಂತ ಓದಿಸಿದ್ದರು, 16 ವರ್ಷದ ತನಕ ಓದಿದ್ದ, ಲ್ಯಾಟಿನ್ ಬರುತ್ತಿತ್ತು. ಊರೂರು ತಿರುಗಬೇಕು ಅಂತ ಆಸೆ ಆಯಿತು, ಅಪ್ಪ ಹೊಲದಲ್ಲಿ ಸಿಕ್ಕಿದ್ದ ಮೂರು ಹಳೇ ಚಿನ್ನದ ನಾಣ್ಯ ಕೊಟ್ಟು ಕುರಿ ಕೊಂಡುಕೋ ಅಂದ. ಓದು ಬಿಟ್ಟು ಕುರಿಗೆ ಬಂದವನು ಅವನು. ನಾವು ಕುರಿ ಬಿಟ್ಟು ಓದಿಗೆ ಬಂದವರು. ಮತ್ತೆ ಕುರಿಗೆ ಬಾ ಅಂದರೆ ನಾನಂತೂ ಒಲ್ಲೆ.

ಇಷ್ಟೆಲ್ಲ ಬೈದರೂ ಒಂದು ಕಡೆ ಇಷ್ಟ ಆಯಿತು. ಅಪ್ಪ ಆ ನಾಣ್ಯ ಕೊಡುವಾಗ, ಅಪ್ಪನಿಗೂ ಊರು ಬಿಟ್ಟು ತಿರುಗಬೇಕು ಅನ್ನುವ ಆಸೆ ಇತ್ತು ಅಂತ ಅವನ ಕಣ್ಣು ನೋಡಿ ಹುಡುಗನಿಗೆ ಗೊತ್ತಾಗುತ್ತದೆ. ಎರಡೇ ಸಾಲು. ಅಪ್ಪನ ಬಗ್ಗೆ ಇನ್ನೂ ಬರೆಯಬೇಕಿತ್ತು.

ಬಿಸಿಲೂರು

ಕೆಂಗುರಿ ಅಣ್ಣಾ, ಹಗ್ಗ ಕಿತ್ತುಕೊಂಡು ಹೊರಡುವ ಸೀನ್ ಓದಿ ಸ್ಟಡಿ ರೂಮಿನಲ್ಲಿ ನಕ್ಕು ಎಲ್ಲರ ಕೈಲಿ ಬೈಸಿಕೊಂಡೆ.

ಬಾಬು ಅಣ್ಣಾ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಿಮಗೆ ಬೇಕಾಗಿದ್ದು ಪುಸ್ತಕದಲ್ಲಿ ಇತ್ತೋ, ನೀವೇ ಆಗಲೇ ಎದ್ದು ನಿಲ್ಲುವವರಿದ್ದಿರೋ? ಬೇರೆ ಯಾವ ಪುಸ್ತಕ ಕೊಟ್ಟಿದ್ದರೂ ಎದ್ದೇಳುತ್ತಿದ್ದಿರಿ ಅಂತ ನನಗೆ ಅನುಮಾನ.

ಲೋಡಿಂಗ್_ಬಾಬು

ಇರಬಹುದು ತಂಗಿ. ಆದರೆ ಅವತ್ತು ಕೈಗೆ ಸಿಕ್ಕಿದ್ದು ಇದೇ. ಬೇರೆ ಯಾರೂ ಏನೂ ಕೊಟ್ಟಿರಲಿಲ್ಲ.

ಗಂಗಾವತಿ_ಮೇಷ್ಟ್ರು

ಮಕ್ಕಳೇ, ಇದನ್ನು ಕಾದಂಬರಿ ಅಂತ ಓದಿದರೆ ಎಲ್ಲ ಕಡೆ ತೂತು ಕಾಣುತ್ತದೆ. ಅಜ್ಜಿ ಕಥೆ ಅಂತ ಓದಬೇಕು. ಯಾಕೆಂದರೆ ಇದು ಅಜ್ಜಿ ಕಥೆಯೇ.

ಅರೇಬಿಯನ್ ನೈಟ್ಸ್‌ನಲ್ಲಿ ಒಂದು ಕಥೆ ಇದೆ. ಬಾಗ್ದಾದಿನಲ್ಲಿ ಆಸ್ತಿ ಎಲ್ಲ ಕಳೆದುಕೊಂಡವನೊಬ್ಬನಿಗೆ, ನಿನ್ನ ಅದೃಷ್ಟ ಕೈರೋದಲ್ಲಿದೆ ಅಂತ ಕನಸು. ಅಲ್ಲಿಗೆ ಹೋಗಿ ಮಸೀದಿಯಲ್ಲಿ ಮಲಗುತ್ತಾನೆ. ಪಕ್ಕದ ಮನೆಗೆ ಕಳ್ಳರು ನುಗ್ಗುತ್ತಾರೆ, ಪೊಲೀಸರು ಬಂದು ಇವನನ್ನೇ ಹಿಡಿದು ಬಡಿಯುತ್ತಾರೆ. ಯಾಕೆ ಬಂದೆ ಅಂತ ಕೇಳಿದರೆ ಕನಸಿನ ವಿಷಯ ಹೇಳುತ್ತಾನೆ. ಪೊಲೀಸ್ ಅಧಿಕಾರಿ ನಗುತ್ತಾನೆ. ನನಗೂ ಮೂರು ಸಲ ಬಾಗ್ದಾದಿನ ಒಂದು ಮನೆ ಕನಸಿನಲ್ಲಿ ಬಂತು, ಅಂಗಳದ ಕಾರಂಜಿ ಕೆಳಗೆ ನಿಧಿ ಅಂತೆ, ನಾನೇನು ಹೋದೆನಾ ಅನ್ನುತ್ತಾನೆ. ಆ ಮನೆ ಇವನದೇ! ರೂಮಿಯ ಮಸ್ನವಿಯಲ್ಲೂ ಇದೇ ಕಥೆ ಬರುತ್ತದೆ. ಪೋಲೆಂಡಿನ ಯಹೂದಿಗಳಲ್ಲೂ ಇದೆ, ಇಂಗ್ಲೆಂಡಿನ ಹಳ್ಳಿಗಳಲ್ಲೂ ಇದೆ. ಕೊಯೆಲ್ಹೊ ಆ ಹಳೇ ಎಲುಬಿನ ಮೇಲೆ ಮಾಂಸ ತುಂಬಿದ್ದಾರೆ. ಅದಕ್ಕೇ ಅದು ಎಲ್ಲ ದೇಶದವರಿಗೂ ಒಗ್ಗಿದ್ದು. 80ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಬ್ರೆಜಿಲ್‌ನಲ್ಲಿ 1988ರಲ್ಲಿ ಮೊದಲು ಬಂದಾಗ ಮಾತ್ರ ಪ್ರಕಾಶಕ 900 ಪ್ರತಿ ಹಾಕಿ, ಇನ್ನು ಅಚ್ಚು ಹಾಕುವುದಿಲ್ಲ ಅಂತ ಕೈ ತೊಳೆದುಕೊಂಡಿದ್ದ. ಇಂಗ್ಲಿಷ್‌ಗೆ ಬಂದದ್ದು 1993ರಲ್ಲಿ.

ನನ್ನ ತಕರಾರು ಬೇರೆ ಇದೆ. ಕೊನೆ. ಪಾಳು ದೇವಾಲಯ, ಮರದ ಬುಡ, ಕನಸು, ಶಕುನ, ರಾತ್ರಿ ಹೊತ್ತು ಒಬ್ಬನೇ ಸಲಿಕೆ ಹಿಡಿದು ಅಗೆಯುವುದು. ಗಂಗಾವತಿ, ಆನೆಗೊಂದಿ ಕಡೆ ಇದಕ್ಕೆ ಏನು ಅನ್ನುತ್ತಾರೆ ಗೊತ್ತಲ್ಲ? ನಿಧಿಗಳ್ಳತನ. ವಿಜಯನಗರದ ಕಾಲದ ಬಂಗಾರ ಇದೆ ಅಂತ ಲಿಂಗ ಕಿತ್ತರು, ನಂದಿ ಒಡೆದರು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ಅಗೆದು ಹಾಕಿದರು. ಭಕ್ತರು ಓಡಿ ಬಂದು ಮತ್ತೆ ಕಟ್ಟಿದರು, ಪೊಲೀಸರು ನಿಧಿ ಹುಡುಕಿ ಬಂದವರನ್ನು ಹಿಡಿದರು. ಅವರಿಗೂ ಯಾವನೋ ಒಬ್ಬ, ಹೋಗು, ಶಕುನ ಚೆನ್ನಾಗಿದೆ ಅಂದಿರಬೇಕು. ಕಾನೂನು ಪ್ರಕಾರ ನಮ್ಮಲ್ಲಿ ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ. ಸ್ಯಾಂಟಿಯಾಗೊ ನಮ್ಮ ಜಿಲ್ಲೆಯವನಾಗಿದ್ದರೆ ಕೊನೆಯ ಅಧ್ಯಾಯ ಠಾಣೆಯಲ್ಲಿ ನಡೆಯುತ್ತಿತ್ತು.

ಚಿನ್ನ ಹುಡುಕಿ ಬೇರೆ ಏನೋ ಸಿಕ್ಕ ಕಥೆ ಬೇಕೆಂದರೆ ರಾಯಚೂರು ಜಿಲ್ಲೆಯಲ್ಲೇ ಇದೆ. 1915ರಲ್ಲಿ ಸಿ. ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಒಂದು ಶಾಸನ ಕಂಡರು. ಅಲ್ಲಿಯ ತನಕ ಸಿಕ್ಕ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದು ಇರುತ್ತಿತ್ತು. ಅಶೋಕ ಅನ್ನುವ ಹೆಸರೇ ಇದ್ದ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ.

ಗುರಿ_ಪಿಎಸ್‌ಐ

ಸರ್ ಇದೇ ಅಲ್ವಾ ಪುಸ್ತಕ ಹೇಳುವುದು! ಚಿನ್ನ ಹುಡುಕಿ ಹೊರಟವನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತು! ಸ್ಟೇಟಸ್ ಹಾಕುತ್ತೇನೆ.

ಗಂಗಾವತಿ_ಮೇಷ್ಟ್ರು

ತಮ್ಮಾ, ಬೀಡನ್ ಕನಸು ಬಿದ್ದು ಬಂದವರಲ್ಲ. ಚಿನ್ನದ ಗಣಿ ಅವರ ಉದ್ಯೋಗ.

ಹಟ್ಟಿ_ಕಾಲೊನಿ

ಚಿನ್ನದ ಮಾತು ಬಂದಿದ್ದಕ್ಕೆ ಒಂದೇ ಮಾತು. ರಸವಾದಿ ಒಂದು ಮಠದಲ್ಲಿ ಸೀಸ ಕಾಯಿಸಿ, ಅದಕ್ಕೆ ಚೂರು ಪುಡಿ ಹಾಕಿ ಚಿನ್ನ ಮಾಡಿ, ನಾಲ್ಕು ಭಾಗ ಮಾಡಿ ಹಂಚುವ ಜಾಗ ಇದೆ. ಅದನ್ನು ಓದಿ ನಮ್ಮಪ್ಪನಿಗೆ ಹೇಳಿದೆ. ಹಟ್ಟಿ ಗಣಿಯಲ್ಲಿ ನೆಲದಡಿ ಕೆಲಸ ಮಾಡಿ ರಿಟೈರ್ ಆದವರು. ಒಂದು ಟನ್ ಕಲ್ಲು ತೆಗೆದು, ನುಣ್ಣಗೆ ಪುಡಿ ಮಾಡಿ, ಸಯನೈಡ್ ನೀರಿನಲ್ಲಿ ಕರಗಿಸಿ ತೆಗೆದರೆ ಕೆಲವೇ ಗ್ರಾಂ ಚಿನ್ನ ಬರುತ್ತದೆ. ಅಪ್ಪ ಕೇಳಿದ್ದು, "ಆ ಪುಡಿ ಎಲ್ಲಿ ಸಿಗುತ್ತದಂತೆ?"

ಪುಸ್ತಕ ಚೆನ್ನಾಗಿದೆ, ಬೇಸಿಗೆ ರಜೆಯಲ್ಲಿ ಓದಬಹುದು. ಅದಕ್ಕಿಂತ ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ.

ಸಿಂಧನೂರಿನ_ಓದುಗಿ

ಬಿಸಿಲೂರು, ನೀವು ಕೇಳಿದ್ದು 'ಯಾವಾಗ ಓದಿದಿರಿ' ಅಂತ. ಅದೇ ಮುಖ್ಯ. ನಾನು ಡಿಗ್ರಿ ಓದುವಾಗ ಒಮ್ಮೆ ಓದಿದೆ, ಈಚೆಗೆ ಮತ್ತೆ ಓದಿದೆ. ಮೊದಲ ಸಲ ಹುಚ್ಚು ಹಿಡಿದಿತ್ತು. ಸಾಲು ಸಾಲು ಅಡಿಗೆರೆ ಎಳೆದಿದ್ದೆ. ಆಗ ನಾನು ಸ್ಯಾಂಟಿಯಾಗೊ ಅಂದುಕೊಂಡೇ ಓದಿದ್ದೆ, ಎಲ್ಲರೂ ಹಾಗೇ ಓದುವುದು. ಎರಡನೇ ಸಲ ಓದುವಾಗ ಮದುವೆ ಆಗಿದೆ, ಎರಡು ಮಕ್ಕಳು, ಗಂಡ ಬೆಂಗಳೂರಿನಲ್ಲಿ ಕೆಲಸ. ಆಗ ಫಾತಿಮಾ ಕಣ್ಣಿಗೆ ಬಿದ್ದಳು.

ಆ ಹುಡುಗಿ ಏನು ಮಾಡುತ್ತಾಳೆ ನೋಡಿ. ನೀರಿಗೆ ಬಾವಿ ಹತ್ತಿರ ಬರುತ್ತಾಳೆ, ಅವನು ನೋಡಿ ಪ್ರೀತಿ ಅನ್ನುತ್ತಾನೆ, ಅವಳೂ ಒಪ್ಪುತ್ತಾಳೆ. ಅವನಿಗೆ ಹೋಗಲು ಮನಸ್ಸಿಲ್ಲ ಅಂದಾಗ ಅವಳೇ, ನಾನು ಮರುಭೂಮಿಯ ಹೆಣ್ಣು, ಕಾಯುತ್ತೇನೆ, ನೀನು ಹೋಗು ಅನ್ನುತ್ತಾಳೆ. ಇಡೀ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಅವರವರ ನಿಧಿ ಇದೆ ಅನ್ನುತ್ತಾರೆ, ಇವಳ ನಿಧಿ ಮಾತ್ರ ಅವನೇ ಅಂತೆ. ಅವಳಿಗೆ ಒಂದು ಕನಸೂ ಬೀಳುವುದಿಲ್ಲ. ಕೊನೆಗೂ ಅವನು ಬಂದನೋ ಇಲ್ಲವೋ ನಮಗೆ ತೋರಿಸುವುದಿಲ್ಲ, ಬರುತ್ತೇನೆ ಅನ್ನುವಲ್ಲಿಗೇ ಪುಸ್ತಕ ಮುಗಿಯುತ್ತದೆ.

ನಮ್ಮ ಕಡೆ ಅರ್ಧ ಹಳ್ಳಿ ಗುಳೆ ಹೋಗುತ್ತದೆ. ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ, ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆ. ಮುದುಕರು, ಮಕ್ಕಳು ಊರಲ್ಲಿ. ಅವರಿಗೆ ಯಾವ ರಾಜನೂ ಬಂದು ನೀನು ಹುಟ್ಟಿದ್ದೇ ಇದಕ್ಕೆ ಅಂತ ಹೇಳಿಲ್ಲ. ಊರು ಬಿಟ್ಟು ಹೋಗುವುದೇ ದೊಡ್ಡ ಸಾಹಸ ಅಂತ ಬರೆದದ್ದನ್ನು ಓದುವಾಗ ನನಗೆ ಈ ಬಸ್ಸು ನೆನಪಾಗಿ ಸಿಟ್ಟು ಬಂತು. ಹಾಗಂತ ಪುಸ್ತಕ ಎಸೆಯಲಿಲ್ಲ. ಹಳೇ ಅಡಿಗೆರೆಗಳು ಇವೆ ಅದರಲ್ಲಿ. ಮಗಳು ದೊಡ್ಡವಳಾದ ಮೇಲೆ ಓದಲಿ, ಅವಳು ಯಾವ ಸಾಲಿಗೆ ಗೆರೆ ಎಳೆಯುತ್ತಾಳೋ ನೋಡುತ್ತೇನೆ.

ಗುರಿ_ಪಿಎಸ್‌ಐ

ಎಲ್ಲರೂ ಸೇರಿ ಒಂದು ಪುಸ್ತಕಕ್ಕೆ ಎಫ್‌ಐಆರ್ ಹಾಕಿಬಿಟ್ಟಿರಿ. ಈಗ ಸೀರಿಯಸ್ ಆಗಿ ಹೇಳುತ್ತೇನೆ.

545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿತ್ತು, ರದ್ದಾಯಿತು. ಮತ್ತೆ ಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದರಲ್ಲಿ ಕಾದು ಕೂತವರಲ್ಲಿ ನಾನೂ ಒಬ್ಬ. ಆ ಹೊತ್ತಿನಲ್ಲಿ ದಿನಾ ಬೆಳಗ್ಗೆ ಬಳ್ಳಾರಿಯಲ್ಲಿ ಗ್ರೌಂಡಿಗೆ ಹೋಗಿ 1600 ಮೀಟರ್ ಓಡುತ್ತಿದ್ದೆ. ಯಾವ ಪರೀಕ್ಷೆಗೆ, ಯಾವಾಗ, ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿದರೆ ಹೇಳಲು ಏನೂ ಇರಲಿಲ್ಲ. ಓಡಲು ಏನಾದರೂ ಒಂದು ಬೇಕಿತ್ತು ನನಗೆ, ಅಷ್ಟೇ. ಸುಳ್ಳಾದರೂ ಪರವಾಗಿಲ್ಲ ಅನ್ನಿಸಿತ್ತು. ನಿಮಗೆಲ್ಲ ಪುಸ್ತಕ ನಿಜವೋ ಸುಳ್ಳೋ ಅನ್ನುವುದು ಪ್ರಶ್ನೆ. ನನಗೆ ಅದು ಯಾವತ್ತೂ ಪ್ರಶ್ನೆ ಆಗಿರಲೇ ಇಲ್ಲ.

ಆಯ್ಕೆ ಆಗಿಲ್ಲ ಇನ್ನೂ. ಓಡುವುದು ಬಿಟ್ಟಿಲ್ಲ.

ಕೆಂಗುರಿ

ತಮ್ಮಾ, ನಿನ್ನ ಮಾತಿಗೆ ಎದುರಾಡುವುದಿಲ್ಲ. ನಾನು ಬೈದದ್ದು ಕುರಿ ವಿಷಯಕ್ಕೆ. ಅದು ಹಾಗೇ ಇರಲಿ 😀

ಬಿಸಿಲೂರು

ಗುರಿ, ನೀವು ಮೊದಲೇ ಇದನ್ನು ಬರೆದಿದ್ದರೆ 'ಸೂಪರ್ ಬುಕ್' ಅಂತ ಹಾಕುವ ಅಗತ್ಯ ಇರಲಿಲ್ಲ. ಆದರೂ ನನ್ನ ಸಿಟ್ಟು ಅಲ್ಲೇ ಇದೆ. ನೀವು ಓಡಿದ್ದು ನಿಮ್ಮ ಕಾಲಿನಿಂದ. ಕೋಚಿಂಗ್ ನಡೆಸುವವರು ಫೀಸು ಇಸಿದುಕೊಂಡು, ಪಾಸಾಗದಿದ್ದರೆ ನಿನ್ನ ಬಯಕೆಯಲ್ಲೇ ಜೋರಿರಲಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಈ ಪುಸ್ತಕ ಅವರಿಗೆ ಅನುಕೂಲ. ಸಿಕ್ಕರೆ ಜಗತ್ತು ಕೊಟ್ಟಿತು, ಸಿಗದಿದ್ದರೆ ತಪ್ಪು ನಮ್ಮದು. ಪೇಪರ್ ಲೀಕ್ ಆದರೂ ನಮ್ಮದೇ.

ನನಗೆ ಆ ಗಾಜಿನ ಅಂಗಡಿ ಸಾಹುಕಾರನೇ ಸಾಕು.

ತೀನ್_ಕಂದೀಲ್

ರಾಯಚೂರಿನವನೇ ನಾನೂ. ಎಲ್ಲ ಓದುತ್ತಾ ಬಂದೆ. ಬಿಸಿಲೂರು ಮೇಡಂ, ನಿಮ್ಮ ಸಾಹುಕಾರನ ಬಗ್ಗೆಯೇ ನನಗೆ ತಕರಾರು.

ನಮ್ಮಲ್ಲಿ ಹಜ್ ಅಂದರೆ ಕನಸು ಅಲ್ಲ, ಅದು ಜವಾಬ್ದಾರಿ. ದುಡ್ಡು, ಆರೋಗ್ಯ ಎರಡೂ ಇದ್ದವರು ಜೀವನದಲ್ಲಿ ಒಮ್ಮೆ ಹೋಗಲೇಬೇಕು, ಇಲ್ಲದವರಿಗೆ ಮಾಫಿ. ಆ ಸಾಹುಕಾರನಿಗೆ ಮೊದಲು ದುಡ್ಡಿರಲಿಲ್ಲ, ಸರಿ. ಹುಡುಗ ಬಂದು ವ್ಯಾಪಾರ ಏರಿದ ಮೇಲೆ ದುಡ್ಡು ಬಂತು. ಆಗಲೂ ಹೋಗುವುದಿಲ್ಲ, ಹೋಗಿ ಬಂದರೆ ಆಸೆ ಮುಗಿದುಹೋಗುತ್ತದೆ ಅಂತ. ಓದಲು ಚೆನ್ನಾಗಿದೆ. ಆದರೆ ಅಂಥ ಮಾತು ಆಡುವ ಒಬ್ಬ ಮುದುಕನನ್ನೂ ನಾನು ನಮ್ಮ ಮೊಹಲ್ಲಾದಲ್ಲಿ ನೋಡಿಲ್ಲ. ನಮ್ಮ ಮುದುಕರಿಗೆ ಇರುವ ಹೆದರಿಕೆ ಬೇರೆ. ಹೋಗುವುದಕ್ಕೆ ಮುಂಚೆ ಸತ್ತರೆ ಅಂತ, ಮಗಳ ಮದುವೆ ಸಾಲ ತೀರದೆ ಹೋಗಬಹುದಾ ಅಂತ.

ನಮ್ಮ ಅಮ್ಮಿ ಹೊಲಿಗೆ ಮಷಿನ್ ತುಳಿದು, ಚೀಟಿ ಹಾಕಿ, ದುಡ್ಡು ಕೂಡಿಸಿ ಹೋಗಿ ಬಂದರು. ಬಂದ ಮೇಲೆ ಬದುಕು ಖಾಲಿ ಆಗುತ್ತದಾ? ಬಂಧುಬಳಗಕ್ಕೆ ಜಮ್‌ಜಮ್ ನೀರು, ಖರ್ಜೂರ ಹಂಚುವುದರಲ್ಲೇ ಎಷ್ಟೋ ದಿನ ಕಳೆಯಿತು. ಯಾರಿಗೆ ಕಡಿಮೆ ಕೊಟ್ಟರು ಅಂತ ಅದರ ಮೇಲೆ ಒಂದು ಜಗಳವೂ ಆಯಿತು. ಈಗ ಯಾರು ಹೊರಟರೂ ಅಮ್ಮಿ ಹತ್ತಿರ ಬಂದು, ಚಪ್ಪಲಿ ಯಾವುದು ಹಾಕಬೇಕು, ಉಪ್ಪಿನಕಾಯಿ ಒಯ್ಯಬಹುದಾ ಅಂತ ಕೇಳುತ್ತಾರೆ. ಮೊದಲಿಗಿಂತ ಈಗಲೇ ಅವರಿಗೆ ಪುರುಸೊತ್ತಿಲ್ಲ. ಸಾಹುಕಾರ ಹೋಗಿ ಬರಬೇಕಿತ್ತು.

ಬಿಸಿಲೂರು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವನು ಹೆದರಿದ್ದು ನಿಜ ಅನ್ನಿಸಿತ್ತು, ಯಾವುದಕ್ಕೆ ಹೆದರಬೇಕು ಅಂತ ಯೋಚನೆ ಮಾಡಿರಲಿಲ್ಲ. ಅಮ್ಮಿಯವರಿಗೆ ಈ ಪುಸ್ತಕದ ಕಥೆ ಹೇಳಿದ್ದೀರಾ?

ತೀನ್_ಕಂದೀಲ್

ಹೇಳಿದ್ದೇನೆ. ಕರೆಂಟ್ ಹೋಗಿತ್ತು, ಅಂಗಳದಲ್ಲಿ ಕೂತು ಪೂರ್ತಿ ಹೇಳಿದೆ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. ನಿಧಿ ಸಿಕ್ಕ ಮೇಲೆ, ಶುರುವಿನಲ್ಲಿ ಅವನ ಕನಸಿಗೆ ಅರ್ಥ ಹೇಳಿದ ಕಣಿಯವಳಿಗೆ ಹತ್ತನೇ ಒಂದು ಪಾಲು ಕೊಡಲು ಹೊರಟ, ಸರಿ. ಆ ಹುಡುಗಿ ಹತ್ತಿರ ಹೊರಟ, ಅದೂ ಸರಿ. ಕುರಿ ಕೊಳ್ಳಲು ಚಿನ್ನ ಕೊಟ್ಟ ಅಪ್ಪನಿಗೆ ಏನು ಕೊಟ್ಟ?

ಕೆಂಗುರಿ

ಅಮ್ಮಿಗೆ ನನ್ನ ಕಡೆಯಿಂದ ಸಲಾಂ ಹೇಳಿ ಅಣ್ಣಾ.

ಬಿಸಿಲೂರು

ಕೊನೆಯ ಪುಟ ಮತ್ತೆ ತೆಗೆದು ನೋಡಿದೆ. ಅಪ್ಪನ ಸುದ್ದಿಯೇ ಇಲ್ಲ. ಚಿಕ್ಕಪ್ಪನ ಮಗನಿಗೆ ಮೆಸೇಜ್ ಹಾಕಿ ಕೇಳಿದ್ದೇನೆ, ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ.